ಹತ್ತು ಕ್ಲಬ್, ಒಬ್ಬ ಸ್ಟ್ರೈಕರ್: ಸುನಿಲ್ ಛೆಟ್ರಿ ಆಟದ ಬದುಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಂಠೀರವದ ಪಶ್ಚಿಮ ಸ್ಟ್ಯಾಂಡ್‌ನಲ್ಲಿ, ಅಶೋಕನಗರದ ಫುಟ್‌ಬಾಲ್ ಮೈದಾನದ ಗೇಟಿನ ಹತ್ತಿರ, ಆಸ್ಟಿನ್ ಟೌನ್ ಮತ್ತು ಗೌತಮಪುರದ ತಂದೆತಾಯಿ ಬರೆಯುವ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇವೆ. ಮೊದಲು ಭಾರತ ಫುಟ್‌ಬಾಲ್ ತಂಡಕ್ಕೆ ಸ್ಟ್ರೈಕರ್, ಅಂದರೆ ಗೋಲು ಹೊಡೆಯುವ ಮುಂಚೂಣಿ ಆಟಗಾರ, ಆಗಿ ಆಡಿದ ಛೆಟ್ರಿಯವರ ವಿಷಯ. ಕೊನೆಯ ಭಾಗ ಊರು ಬಿಟ್ಟು ಆಡಲು ಹೊರಟ ಹುಡುಗರಿಗೆ ಬೇಕಾದ ಒಪ್ಪಂದ, ಲೋನ್, ನೋಂದಣಿಯ ವಿಷಯ.

ಮೊದಲ ಪ್ರಶ್ನೆಗಳು

ಛೆಟ್ರಿ ನಮ್ಮ ಬೆಂಗಳೂರಿನವರೇ ತಾನೇ?

ಹುಟ್ಟಿನಿಂದ ಅಲ್ಲ. 1984ರ ಆಗಸ್ಟ್ 3ರಂದು ಸಿಕಂದರಾಬಾದಿನಲ್ಲಿ ಹುಟ್ಟಿದವರು. ತಂದೆ ಸೇನೆಯಲ್ಲಿದ್ದ ಕಾರಣ ವರ್ಗಾವಣೆ ಆದಲ್ಲೆಲ್ಲ ಶಾಲೆ, ಮೈದಾನ, ಗೆಳೆಯರು ಬದಲಾಗುತ್ತಿದ್ದರು. ತಾಯಿ ನೇಪಾಳದ ಮಹಿಳಾ ತಂಡಕ್ಕೆ ಆಡಿದವರು. ದೆಹಲಿಯಲ್ಲಿ ಆಡುತ್ತಿದ್ದ ಹುಡುಗನನ್ನು 2002ರಲ್ಲಿ ಮೋಹನ್ ಬಗಾನ್ ಕರೆದುಕೊಂಡಿತು. ಬೆಂಗಳೂರಿಗೆ ಬಂದಾಗ ಅವರಿಗೆ 29 ತುಂಬುತ್ತಿತ್ತು. ಸ್ಟ್ರೈಕರ್‌ನ ಒಳ್ಳೆಯ ಕಾಲ ಮುಗಿಯುತ್ತ ಬಂತು ಎಂದು ಜನ ಲೆಕ್ಕ ಹಾಕುವ ವಯಸ್ಸು ಅದು. ಅವರ ಆಟದ ಬದುಕಿನ ಅತ್ಯಂತ ಉದ್ದದ ಅಧ್ಯಾಯ ಅಲ್ಲಿಂದಲೇ ಶುರುವಾಯಿತು. ಹಾಗಾಗಿ ನಮ್ಮವರು ಎನ್ನುವುದರಲ್ಲಿ ತಪ್ಪಿಲ್ಲ.

ಒಟ್ಟು ಎಷ್ಟು ಕ್ಲಬ್‌ಗೆ ಆಡಿದ್ದಾರೆ? ಸಾಲಾಗಿ ಒಮ್ಮೆ ಹೇಳಿಬಿಡಿ.

ಹತ್ತು ಕ್ಲಬ್. 2002ರಿಂದ ಮೋಹನ್ ಬಗಾನ್. 2005ರಿಂದ ಮೂರು ವರ್ಷ ಪಂಜಾಬಿನ ಫಗ್ವಾರಾದ ಜೆಸಿಟಿ. 2008ರಲ್ಲಿ ಈಸ್ಟ್ ಬೆಂಗಾಲ್. 2009ರಲ್ಲಿ ಗೋವಾದ ಡೆಂಪೋ. 2010ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿ ವಿಜರ್ಡ್ಸ್. 2011ರಲ್ಲಿ ವಾಪಸು ಬಂದು ಚಿರಾಗ್ ಯುನೈಟೆಡ್, ಅದೇ ವರ್ಷ ಮತ್ತೊಮ್ಮೆ ಮೋಹನ್ ಬಗಾನ್. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್, 2013ರ ಆರಂಭದಲ್ಲಿ ಅಲ್ಲಿಂದ ಲೋನ್ ಮೇಲೆ (ತಾತ್ಕಾಲಿಕವಾಗಿ) ಗೋವಾದ ಚರ್ಚಿಲ್ ಬ್ರದರ್ಸ್, ಆ ವರ್ಷದ ಜುಲೈನಲ್ಲಿ ಬೆಂಗಳೂರು ಎಫ್‌ಸಿ. ನಡುವೆ 2015 ಮತ್ತು 2016ರ ಐಎಸ್‌ಎಲ್‌ಗೆ (ಇಂಡಿಯನ್ ಸೂಪರ್ ಲೀಗ್) ಮುಂಬೈ ಸಿಟಿ.

ಇಷ್ಟೊಂದು ಕ್ಲಬ್ ಬದಲಿಸಿದ್ದು ಯಾಕೆ? ಒಂದು ಕಡೆ ನಿಲ್ಲೋ ಸ್ವಭಾವ ಇರಲಿಲ್ವಾ?

ಸ್ವಭಾವದ ಪ್ರಶ್ನೆಯೇ ಅಲ್ಲ. ಆ ಕಾಲದ ಭಾರತದ ಫುಟ್‌ಬಾಲ್ ನಡೆಯುತ್ತಿದ್ದದ್ದೇ ಹಾಗೆ: ಹೆಚ್ಚಿನ ಒಪ್ಪಂದ ಒಂದೆರಡು ಸೀಸನ್‌ಗೆ, ಕ್ಲಬ್‌ಗಳಿಗೇ ನಾಳೆಯ ಖಾತ್ರಿ ಇರಲಿಲ್ಲ. ಮಹೀಂದ್ರಾ ಯುನೈಟೆಡ್ 2010ರಲ್ಲಿ ಬಾಗಿಲು ಹಾಕಿತು. ಛೆಟ್ರಿ ಹೆಸರು ಮಾಡಿದ ಜೆಸಿಟಿ 2011ರಲ್ಲಿ ಮುಚ್ಚಿತು. ಡೆಂಪೋ 2016ರಲ್ಲಿ ದೇಶದ ಹಳೆಯ ಕ್ಲಬ್ ಲೀಗ್ ಆದ ಐ-ಲೀಗ್‌ನಿಂದ ಹೊರಬಂತು. ಕ್ಲಬ್ಬೇ ಉಳಿಯದ ಕಡೆ ಆಟಗಾರ ಉಳಿಯುವುದು ಹೇಗೆ? ಅವರ ಕ್ಲಬ್‌ಗಳ ಸಾಲನ್ನು ನೋಡಿ ಚಂಚಲ ಎನ್ನುವವರು ಈ ದಿನಾಂಕಗಳನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ದೇಶಕ್ಕೆ ಎಷ್ಟು ಗೋಲು? ನಿವೃತ್ತಿ ಅಂದವರು ಮತ್ತೆ ಆಡಿದರಲ್ಲ?

95. ಮೊದಲನೆಯದು 2005ರ ಜೂನ್ 12ರಂದು ಕ್ವೆಟ್ಟಾದಲ್ಲಿ, ಪಾಕಿಸ್ತಾನದ ವಿರುದ್ಧ, ಮೊದಲ ಪಂದ್ಯದಲ್ಲೇ. 2024ರ ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಕುವೈತ್ ವಿರುದ್ಧ ಗೋಲಿಲ್ಲದ ಡ್ರಾ ಆಡಿ ವಿದಾಯ ಹೇಳಿದಾಗ ಲೆಕ್ಕ 94ರಲ್ಲಿ ನಿಂತಿತ್ತು. ಆ ಹೊತ್ತಿಗೆ ಪುರುಷರ ಅಂತರರಾಷ್ಟ್ರೀಯ ಫುಟ್‌ಬಾಲ್‌ನಲ್ಲಿ ಅವರಿಗಿಂತ ಮುಂದಿದ್ದವರು ರೊನಾಲ್ಡೊ, ಮೆಸ್ಸಿ, ಇರಾನಿನ ಅಲಿ ದಾಯಿ ಮಾತ್ರ. ತಂಡದಲ್ಲಿ ಗೋಲು ಹೊಡೆಯುವವರಿಲ್ಲ ಎಂದು 2025ರ ಮಾರ್ಚ್‌ನಲ್ಲಿ ಕೋಚ್ ಕರೆದರು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ತಲೆಯಿಂದ 95ನೆಯದು ಬಂತು. ಖುಷಿಯ ಸಂಗತಿಯೇ. ಆದರೆ 40 ದಾಟಿದವರನ್ನು ವಾಪಸು ಕರೆಯಬೇಕಾಗಿ ಬಂದದ್ದು ನಮ್ಮ ಲೀಗ್‌ಗಳ ಬಗ್ಗೆ ಹೇಳುವುದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಹೆಚ್ಚಿನ ಕ್ಲಬ್‌ಗಳಲ್ಲಿ ನಡುವಿನ ಸ್ಟ್ರೈಕರ್ ಜಾಗ ವಿದೇಶಿ ಆಟಗಾರರದು. ನಮ್ಮ ಹುಡುಗರು ಬದಿಗೆ ಸರಿದು ವಿಂಗರ್ ಆಗುತ್ತಾರೆ.

ಎತ್ತರ ಇಲ್ಲ, ಆದರೂ ಇಷ್ಟೊಂದು ಹೆಡರ್ ಗೋಲು ಹೇಗೆ?

ಎತ್ತರ 5 ಅಡಿ 7 ಇಂಚಿನ ಆಸುಪಾಸು. ಅವರ ಹೆಡರ್‌ನ (ತಲೆಯಿಂದ ಹೊಡೆಯುವ ಹೊಡೆತದ) ಗುಟ್ಟು ನೆಗೆತಕ್ಕಿಂತ ಹೆಚ್ಚಾಗಿ ಹೊರಡುವ ಹೊತ್ತಿನಲ್ಲಿದೆ. ಮುಂದಿನ ಸಲ ಬದಿಯಿಂದ ಗೋಲಿನ ಮುಂದಕ್ಕೆ ಕ್ರಾಸ್ ಬರುವಾಗ ಚೆಂಡು ಬಿಟ್ಟು ಅವರನ್ನೇ ನೋಡಿ. ಮೊದಲು ಡಿಫೆಂಡರ್‌ನ ಬೆನ್ನ ಹಿಂದೆ ನಿಲ್ಲುತ್ತಾರೆ. ಚೆಂಡನ್ನೂ ಇವರನ್ನೂ ಒಟ್ಟಿಗೆ ನೋಡಲು ಡಿಫೆಂಡರ್‌ಗೆ ಆಗುವುದಿಲ್ಲ. ಆಮೇಲೆ ಗೋಲಿನಿಂದ ದೂರಕ್ಕೆ ಎರಡು ಹೆಜ್ಜೆ. ಹೊರಗೆ ಹೋಗುತ್ತಿದ್ದಾನೆ ಎಂದು ಡಿಫೆಂಡರ್ ಕಾಲು ಸಡಿಲಿಸುತ್ತಾನೆ. ವಿಂಗರ್‌ನ ಕಾಲು ಚೆಂಡಿಗೆ ತಾಗುವ ಕ್ಷಣಕ್ಕೆ ಮೂರು ಚುರುಕು ಹೆಜ್ಜೆ ಇಟ್ಟು ಡಿಫೆಂಡರ್‌ನ ಮುಂದೆ. ಅವನು ನೆಗೆಯುವಷ್ಟರಲ್ಲಿ ಇವರು ಗಾಳಿಯಲ್ಲಿರುತ್ತಾರೆ. ಹಣೆಯ ನಡುಭಾಗ ಚೆಂಡಿಗೆ, ಕಣ್ಣು ತೆರೆದೇ, ಕುತ್ತಿಗೆ ಬಿಗಿ, ಚೆಂಡು ನೆಲದ ಕಡೆಗೆ.

ಹುಡುಗರಿಗೆ ಇದನ್ನು ಕಲಿಸುವಾಗ ಸಾಮಾನ್ಯವಾಗಿ ಎಡವುವುದು ಒಂದೇ ಕಡೆ: ಬೇಗ ಓಡಿಬಿಡುತ್ತಾರೆ. ಚೆಂಡಿಗಿಂತ ಮೊದಲೇ ಗೋಲಿನ ಮುಂದಿನ 5.5 ಮೀಟರ್ ಗೆರೆ ತಲುಪಿ, ನಿಂತು, ನಿಂತಲ್ಲಿಂದ ನೆಗೆಯುತ್ತಾರೆ. ಓಟದ ವೇಗವೆಲ್ಲ ಹಾಳು. ಹೀಗೆ ಅಭ್ಯಾಸ ಮಾಡಿಸಿ: ಪೆನಾಲ್ಟಿ ಗುರುತಿನ ಹಿಂದೆ, ಗೋಲಿನಿಂದ 12-13 ಮೀಟರ್ ದೂರದಲ್ಲಿ ಒಂದು ಕೋನ್. ಕ್ರಾಸ್ ಹೊಡೆಯುವವನ ಕಾಲು ಚೆಂಡಿಗೆ ತಾಗುವವರೆಗೂ ಅದನ್ನು ದಾಟಬಾರದು. ಕೈಯಿಂದ ಎಸೆದ ಚೆಂಡಿನಲ್ಲಿ ಶುರು ಮಾಡಿ, ಹತ್ತು ಎಸೆತಕ್ಕೆ ನಿಲ್ಲಿಸಿ. ಚಿಕ್ಕ ಮಕ್ಕಳಿಗೆ ತಲೆ ಕೊಡಿಸಲೇಬೇಡಿ, ಓಟ ಮಾತ್ರ ಕಲಿಸಿ, ಚೆಂಡನ್ನು ಕೈಯಲ್ಲಿ ಹಿಡಿಯಲಿ. ಹೊತ್ತು ಗೊತ್ತಾದರೆ ಸಾಕು.

ಹೊರದೇಶದ ವರ್ಷಗಳು

ಇಂಗ್ಲೆಂಡಿನ ಕ್ಲಬ್ ಕರೆದಿತ್ತಂತೆ, ಯಾಕೆ ಹೋಗಲಿಲ್ಲ?

2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಮೂರು ವರ್ಷದ ಒಪ್ಪಂದಕ್ಕೆ ಸಿದ್ಧವಿತ್ತು. ಕೆಲಸದ ಪರವಾನಗಿ ಸಿಗಲಿಲ್ಲ. ಆಗಿನ ನಿಯಮದಂತೆ ಆಟಗಾರನ ದೇಶ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಶ್ರೇಯಾಂಕ ಪಟ್ಟಿಯಲ್ಲಿ ಮೊದಲ 70ರೊಳಗೆ ಇರಬೇಕಿತ್ತು, ಆಟಗಾರ ಹಿಂದಿನ ಎರಡು ವರ್ಷಗಳಲ್ಲಿ ದೇಶದ ಸ್ಪರ್ಧಾತ್ಮಕ ಪಂದ್ಯಗಳಲ್ಲಿ ಶೇ. 75ರಷ್ಟಾದರೂ ಆಡಿರಬೇಕಿತ್ತು. ಎರಡನೆಯದು ಛೆಟ್ರಿಯವರ ಕೈಯಲ್ಲಿತ್ತು, ಮೊದಲನೆಯದು ಇರಲಿಲ್ಲ; ಭಾರತ 70ರ ಹತ್ತಿರಕ್ಕೂ ಇರಲಿಲ್ಲ. 2021ರಿಂದ ಅಲ್ಲಿ ಅಂಕ ಪದ್ಧತಿ ಇದೆ. ದೇಶದ ಸ್ಥಾನ, ದೇಶಕ್ಕೂ ಕ್ಲಬ್‌ಗೂ ಆಡಿದ ಹೊತ್ತು, ಲೀಗ್‌ನ ಮಟ್ಟ ಎಲ್ಲ ಕೂಡಿ 15 ಅಂಕ ಆಗಬೇಕು. ಭಾರತದಿಂದ ನೇರವಾಗಿ ಹೋಗುವವರಿಗೆ ಈಗಲೂ ಕಷ್ಟದ ಬಾಗಿಲು.

ಅಮೆರಿಕದಲ್ಲಿ ಒಂದು ವರ್ಷ ಇದ್ದರೂ ಲೀಗ್‌ನಲ್ಲಿ ಒಂದೂ ಪಂದ್ಯ ಆಡಲಿಲ್ಲ ಅನ್ನೋದು ನಿಜಾನಾ?

ನಿಜ. 2010ರ ಮಾರ್ಚ್‌ನಲ್ಲಿ ಕ್ಯಾನ್ಸಸ್ ಸಿಟಿ ಸೇರಿದರು. ಅಲ್ಲಿನ ಫುಟ್‌ಬಾಲ್ ಟೂರ್ನಿ ಯುಎಸ್ ಓಪನ್ ಕಪ್‌ನಲ್ಲಿ ಕೊಲೊರಾಡೊ ರ‍್ಯಾಪಿಡ್ಸ್ ವಿರುದ್ಧ ಆಡಿದರು, ಜುಲೈನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ ಸೌಹಾರ್ದ ಪಂದ್ಯದಲ್ಲಿ ಬದಲಿಯಾಗಿ ಇಳಿದರು. ಲೀಗ್ ಪಂದ್ಯ ಇಲ್ಲ.

ಇಲ್ಲಿ ಕಲಿಯಬೇಕಾದದ್ದು ಕ್ಯಾಲೆಂಡರಿನ ಲೆಕ್ಕ. ಅಮೆರಿಕದ ಸೀಸನ್ ವಸಂತದಲ್ಲಿ ಶುರುವಾಗಿ ಶರತ್ಕಾಲಕ್ಕೆ ಮುಗಿಯುತ್ತದೆ. ಮಾರ್ಚ್ ಕೊನೆಗೆ ಸೇರಿದವನ ಹೊತ್ತಿಗೆ ತಂಡ ಪೂರ್ವ ತಯಾರಿ ಮುಗಿಸಿ, ಯಾರು ಎಲ್ಲಿ ಎಂದು ತೀರ್ಮಾನಿಸಿಬಿಟ್ಟಿರುತ್ತದೆ. ಇನ್ನೊಂದು ಕಡೆ ಭಾರತಕ್ಕೆ 2011ರ ಜನವರಿಯ ಏಷ್ಯನ್ ಕಪ್ ಇತ್ತು, ಅದಕ್ಕೆ ಉದ್ದನೆಯ ಶಿಬಿರ. ಹೊಸಬ ಕ್ಲಬ್‌ನಲ್ಲಿ ಜಾಗ ಹಿಡಿಯಬೇಕಾದ ತಿಂಗಳುಗಳಲ್ಲೇ ದೇಶದ ಕರೆ ಬಂದರೆ ಎರಡೂ ಕಡೆ ನ್ಯಾಯ ಸಲ್ಲಿಸುವುದು ಕಷ್ಟ. ದೋಹಾದ ಆ ಏಷ್ಯನ್ ಕಪ್‌ನಲ್ಲಿ ಛೆಟ್ರಿ ಬಹ್ರೇನ್ ಮತ್ತು ದಕ್ಷಿಣ ಕೊರಿಯಾ ವಿರುದ್ಧ ಗೋಲು ಹೊಡೆದರು. ಫೆಬ್ರವರಿಯಲ್ಲಿ ಕ್ಯಾನ್ಸಸ್ ಅವರನ್ನು ಬಿಟ್ಟುಕೊಟ್ಟಿತು.

ಸ್ಪೋರ್ಟಿಂಗ್ ಅಂದ್ರೆ ರೊನಾಲ್ಡೊ ಬೆಳೆದ ಕ್ಲಬ್ ಅಲ್ವಾ? ಅಲ್ಲಿ ಏನಾಯ್ತು?

ಅದೇ ಕ್ಲಬ್. 2012ರಲ್ಲಿ ಎರಡು ವರ್ಷದ ಒಪ್ಪಂದ, ಆದರೆ ಜಾಗ ಸಿಕ್ಕಿದ್ದು ಎರಡನೇ ಡಿವಿಷನ್‌ನಲ್ಲಿ ಆಡುವ ಬಿ ತಂಡದಲ್ಲಿ. ಮೂರು ಪಂದ್ಯ ಆಡಿದರು. ಬಿ ತಂಡ ಇರುವುದೇ 18-20ರ ಹುಡುಗರನ್ನು ಬೆಳೆಸಲು. 28ರ ಸ್ಟ್ರೈಕರ್‌ಗೆ ಅಲ್ಲಿ ಕೊಡುವ ಪ್ರತಿ ನಿಮಿಷವೂ ಹುಡುಗನೊಬ್ಬನಿಂದ ಕಿತ್ತುಕೊಂಡ ನಿಮಿಷ. ಕೋಚ್ ಯಾವ ಕಡೆ ವಾಲುತ್ತಾರೆ ಎಂಬುದು ಸ್ಪಷ್ಟ. ಛೆಟ್ರಿ ಬೆಂಚಿನಲ್ಲಿ ಎರಡು ವರ್ಷ ಕಳೆಯಲಿಲ್ಲ. ಆರು ತಿಂಗಳಿಗೇ ಲೋನ್ ಮೇಲೆ ಚರ್ಚಿಲ್‌ಗೆ ಬಂದು, ಆ ಸೀಸನ್‌ನ ಐ-ಲೀಗ್ ಗೆದ್ದ ತಂಡದಲ್ಲಿದ್ದರು. ಅವರ ವೃತ್ತಿಜೀವನದ ಅತ್ಯಂತ ಸರಿಯಾದ ನಿರ್ಧಾರಗಳಲ್ಲಿ ಇದೂ ಒಂದು ಎಂಬುದು ನಮ್ಮ ಅಭಿಪ್ರಾಯ. ದೊಡ್ಡ ಹೆಸರಿನ ಜೆರ್ಸಿ ಬಿಟ್ಟುಬರಲು ಧೈರ್ಯ ಬೇಕು.

ಬೆಂಗಳೂರಿನ ವರ್ಷಗಳು

ಇಲ್ಲಿ ಬಂದ ಮೇಲೆ ಏನೇನು ಗೆದ್ದರು?

2013-14ರ ಐ-ಲೀಗ್, ಅದೂ ಕ್ಲಬ್‌ನ ಮೊದಲ ಸೀಸನ್ನಿನಲ್ಲೇ, ಅಶೋಕನಗರದ ಚಿಕ್ಕ ಮೈದಾನವನ್ನು ತವರು ಮಾಡಿಕೊಂಡು. ಪ್ರಶಸ್ತಿ ಖಾತ್ರಿಯಾದದ್ದು ಗೋವಾದಲ್ಲಿ, ಅವರ ಹಳೆಯ ಕ್ಲಬ್ ಡೆಂಪೋವನ್ನು 4-2ರಿಂದ ಸೋಲಿಸಿದ ದಿನ. ಆಮೇಲೆ 2015-16ರ ಐ-ಲೀಗ್, ಎರಡು ಫೆಡರೇಷನ್ ಕಪ್, 2018ರ ಸೂಪರ್ ಕಪ್, 2018-19ರ ಐಎಸ್‌ಎಲ್, 2022ರ ಡ್ಯುರಾಂಡ್ ಕಪ್. ದೇಶದ ಜೆರ್ಸಿಯಲ್ಲಿ ಕಂಠೀರವದಲ್ಲೇ 2023ರ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್: ಮಳೆಯಲ್ಲಿ ಪಾಕಿಸ್ತಾನದ ವಿರುದ್ಧ ಹ್ಯಾಟ್ರಿಕ್, ಫೈನಲ್‌ನಲ್ಲಿ ಕುವೈತ್ ವಿರುದ್ಧ ಪೆನಾಲ್ಟಿ ಶೂಟೌಟ್‌ನಲ್ಲಿ ಗೆಲುವು.

ಬಿಎಫ್‌ಸಿಯಲ್ಲಿದ್ದೂ ಮುಂಬೈಗೆ ಆಡಿದ್ದು ಹೇಗೆ? ಎರಡು ಕ್ಲಬ್‌ಗೆ ಒಟ್ಟಿಗೆ ಆಡಬಹುದಾ?

ಒಟ್ಟಿಗೆ ಆಡಿದ್ದಲ್ಲ. ಆಗ ಐಎಸ್‌ಎಲ್ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಚಿಕ್ಕ ಲೀಗ್, ಐ-ಲೀಗ್ ಜನವರಿಯಿಂದ. ಬೆಂಗಳೂರು ಎಫ್‌ಸಿ ಐಎಸ್‌ಎಲ್ ಸೇರಿದ್ದು 2017ರಲ್ಲಿ. ಅದಕ್ಕೂ ಮುಂಚೆ ಐ-ಲೀಗ್ ಕ್ಲಬ್‌ಗಳ ಆಟಗಾರರು ಆ ಮೂರು ತಿಂಗಳು ಐಎಸ್‌ಎಲ್ ತಂಡಗಳಿಗೆ ಹೋಗಿಬರುತ್ತಿದ್ದರು. 2015ರ ಹರಾಜಿನಲ್ಲಿ ಮುಂಬೈ ಸಿಟಿ ಛೆಟ್ರಿಯವರನ್ನು 1.2 ಕೋಟಿ ರೂಪಾಯಿಗೆ ಪಡೆಯಿತು. ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧ ಹೊಡೆದ ಮೂರು ಗೋಲು ಐಎಸ್‌ಎಲ್‌ನಲ್ಲಿ ಭಾರತೀಯನೊಬ್ಬನ ಮೊದಲ ಹ್ಯಾಟ್ರಿಕ್.

ಕಂಠೀರವದಲ್ಲಿ ಅವರ ಅತಿ ದೊಡ್ಡ ರಾತ್ರಿ ಯಾವುದು?

ಕೇಳಿದವರೆಲ್ಲ ಒಂದೊಂದು ಹೆಸರು ಹೇಳುತ್ತಾರೆ. ನಮ್ಮ ಉತ್ತರ 2016ರ ಅಕ್ಟೋಬರ್ 19. ಏಷ್ಯಾದ ಕ್ಲಬ್‌ಗಳ ಟೂರ್ನಿ ಎಎಫ್‌ಸಿ ಕಪ್‌ನ ಸೆಮಿಫೈನಲ್, ಎದುರಿಗೆ ಹಾಲಿ ಚಾಂಪಿಯನ್ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಂ. ಎರಡು ಪಂದ್ಯಗಳ ಈ ಸುತ್ತಿನ ಮೊದಲನೆಯದು 1-1. ಇಲ್ಲಿ ಆರಂಭದಲ್ಲೇ ಗೋಲು ಬಿಟ್ಟುಕೊಟ್ಟಾಗ ಸ್ಟ್ಯಾಂಡ್ ಮೌನವಾಯಿತು. ಕಾರ್ನರ್‌ಗೆ ತಲೆ ಕೊಟ್ಟು ಛೆಟ್ರಿ ಸಮ ಮಾಡಿದರು. ಎರಡನೇ ಅರ್ಧದಲ್ಲಿ ಪೆನಾಲ್ಟಿ ಬಾಕ್ಸ್ ಹೊರಗಿನಿಂದ ಹೊಡೆದ ಚೆಂಡು ಬಲೆಗೆ. ಹುವಾನನ್ ಮೂರನೆಯದು ಸೇರಿಸಿದರು. 3-1. ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಬೆಂಗಳೂರಿನದಾಯಿತು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ಅಲ್ ಕುವಾ ಅಲ್ ಜವಿಯಾ 1-0ರಿಂದ ಗೆದ್ದಿತು. ಆ ಸೋಲು ಇನ್ನೂ ನೋಯುತ್ತದೆ.

2023ರಲ್ಲಿ ಕೇರಳ ತಂಡ ಗೋಡೆ ಕಟ್ಟೋ ಮೊದಲೇ ಫ್ರೀ ಕಿಕ್ ಹೊಡೆದರಲ್ಲ, ಅದು ಸರಿಯಾ?

ನಿಯಮದಲ್ಲಿ ಅವಕಾಶವಿದೆ. ಗೋಡೆ ಅಂದರೆ ಚೆಂಡಿಗೂ ಗೋಲಿಗೂ ನಡುವೆ ಸಾಲಾಗಿ ನಿಲ್ಲುವ ಡಿಫೆಂಡರ್‌ಗಳು. ಫ್ರೀ ಕಿಕ್‌ಗೆ ಚೆಂಡು ನಿಂತಿರಬೇಕು, ಎದುರಾಳಿಗಳು 9.15 ಮೀಟರ್ ದೂರ ಇರಬೇಕು. ಆ ದೂರ ಹೊಡೆಯುವ ತಂಡಕ್ಕೆ ಇರುವ ಹಕ್ಕು. ಬೇಡವೆಂದರೆ ಕಾಯದೆ ಹೊಡೆಯಬಹುದು. ಗೋಡೆ ಅಳೆಯಲು, ಕಾರ್ಡ್ ತೋರಿಸಲು, ಬದಲಿ ಆಟಗಾರನಿಗಾಗಿ ಅಥವಾ ಗಾಯಕ್ಕಾಗಿ ರೆಫರಿ ಆಟ ತಡೆದಿದ್ದರೆ ಮಾತ್ರ ಸೀಟಿಗೆ ಕಾಯಬೇಕು. ಆ ದಿನ, ಮಾರ್ಚ್ 3ರ ಪ್ಲೇಆಫ್‌ನ ಹೆಚ್ಚುವರಿ ಅವಧಿಯ 96ನೇ ನಿಮಿಷದಲ್ಲಿ, ರೆಫರಿ ಗೋಲು ಎಂದರು, ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆದರು, ಫಲಿತಾಂಶ ಬೆಂಗಳೂರಿಗೆ ಬಂತು. ವಾದ ಇವತ್ತಿಗೂ ನಿಂತಿಲ್ಲ. ಡಿಫೆಂಡರ್‌ಗಳಿಗೆ ಒಂದು ಮಾತು: ಫೌಲ್ ಸೀಟಿ ಕೇಳಿದ ತಕ್ಷಣ ಗೋಲ್‌ಕೀಪರ್ ಕಂಬದ ಹತ್ತಿರ ಹೋಗಿ ಗೋಡೆ ಜೋಡಿಸುವ ಮೊದಲು, ಯಾರಾದರೂ ಒಬ್ಬರು ಚೆಂಡಿನ ಮೇಲೆ ಕಣ್ಣಿಟ್ಟಿರಬೇಕು.

40ರಲ್ಲೂ ಗೋಲು ಹೊಡೆಯೋದು ಹೇಗೆ ಸಾಧ್ಯ?

2024-25ರ ಐಎಸ್‌ಎಲ್‌ನಲ್ಲಿ 14 ಗೋಲು, ಡಿಸೆಂಬರ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್, ಸೆಮಿಫೈನಲ್‌ನಲ್ಲಿ ಗೋವಾ ವಿರುದ್ಧ ಕೊನೆಗಳಿಗೆಯ ಹೆಡರ್. ಮೊದಮೊದಲು ಅವರು ಬದಿಯಿಂದ ಚೆಂಡು ತೆಗೆದುಕೊಂಡು ಒಳನುಗ್ಗುತ್ತಿದ್ದರು. ವಯಸ್ಸಾದಂತೆ ಓಟ ಚಿಕ್ಕದಾಯಿತು, ಬಾಕ್ಸ್ ಹತ್ತಿರವಾಯಿತು. 40 ಮೀಟರ್ ಓಟದಲ್ಲಿ 20ರ ಹುಡುಗನ ಜೊತೆ ಗೆಲ್ಲಲಾಗದು, 4 ಮೀಟರ್‌ನಲ್ಲಿ ಗೆಲ್ಲಬಹುದು. ಕೆಲವು ಪಂದ್ಯಗಳಲ್ಲಿ ಬೆಂಚಿನಿಂದ ಇಳಿಯುವುದನ್ನೂ ಒಪ್ಪಿಕೊಂಡರು. ದಣಿದ ಡಿಫೆಂಡರ್‌ಗಳ ಎದುರು ಕೊನೆಯ ಅರ್ಧ ಗಂಟೆ ಅಂದರೆ ಅನುಭವಿ ಸ್ಟ್ರೈಕರ್‌ಗೆ ಹಬ್ಬ.

ಕಾಗದಪತ್ರ: ಊರು ಬಿಟ್ಟು ಆಡಲು ಹೊರಟವರಿಗೆ

ಲೋನ್ ಅಂದ್ರೆ ಏನು, ಟ್ರಾನ್ಸ್‌ಫರ್‌ಗೂ ಅದಕ್ಕೂ ಏನು ವ್ಯತ್ಯಾಸ?

ಟ್ರಾನ್ಸ್‌ಫರ್‌ನಲ್ಲಿ ಹಳೆಯ ಒಪ್ಪಂದ ಮುಗಿದು ಹೊಸ ಕ್ಲಬ್ ಜೊತೆ ಹೊಸದು ಆಗುತ್ತದೆ. ಲೋನ್‌ನಲ್ಲಿ ಮೂಲ ಒಪ್ಪಂದ ತಣ್ಣಗೆ ಮಲಗಿರುತ್ತದೆ, ಅವಧಿ ಮುಗಿದಾಗ ಎದ್ದು ಕೂರುತ್ತದೆ. ಲೋನ್ ಕಾಗದದಲ್ಲಿ ಮೂರು ವಿಷಯ ಅಕ್ಷರದಲ್ಲಿ ಇರಲೇಬೇಕು: ಸಂಬಳ ಯಾವ ಕ್ಲಬ್ ಕೊಡುತ್ತದೆ, ಗಾಯವಾದರೆ ಚಿಕಿತ್ಸೆ ಯಾರ ಖರ್ಚು, ಹಿಂತಿರುಗುವ ದಿನಾಂಕ ಯಾವುದು. ಜಗಳ ಹುಟ್ಟುವುದು ಹೆಚ್ಚಾಗಿ ಎರಡನೆಯದರಲ್ಲಿ. ಮೊಣಕಾಲಿನ ಲಿಗಮೆಂಟ್ ಹರಿದರೆ ಆರರಿಂದ ಒಂಬತ್ತು ತಿಂಗಳು ಹೊರಗೆ. ಅಷ್ಟರಲ್ಲಿ ಲೋನ್ ಮುಗಿದು ಎರಡೂ ಕ್ಲಬ್ ಕೈತೊಳೆದುಕೊಳ್ಳುತ್ತವೆ.

ಇನ್ನೊಂದು ಲೆಕ್ಕ ನೆನಪಿರಲಿ. ಫಿಫಾ ನಿಯಮದಂತೆ ಒಂದು ಸೀಸನ್‌ನಲ್ಲಿ ಮೂರು ಕ್ಲಬ್‌ಗಳಲ್ಲಿ ಹೆಸರು ನೋಂದಾಯಿಸಬಹುದು, ಅಧಿಕೃತ ಪಂದ್ಯ ಆಡಬಹುದಾದದ್ದು ಎರಡಕ್ಕೆ. ಎರಡು ದೇಶಗಳ ಸೀಸನ್ ಒಂದರ ಮೇಲೊಂದು ಬಂದಾಗ ಮಾತ್ರ ಸ್ವಲ್ಪ ಸಡಿಲಿಕೆ ಇದೆ. ಹೆಸರಿಗೆಂದು ಹತ್ತು ನಿಮಿಷ ಇಳಿದ ಅಧಿಕೃತ ಪಂದ್ಯವೂ ಈ ಲೆಕ್ಕಕ್ಕೆ ಸೇರುತ್ತದೆ.

ಒಪ್ಪಂದ ಮುಗಿಯೋಕೆ ಇನ್ನೂ ಸಮಯ ಇದೆ, ಬೇರೆ ಕ್ಲಬ್ ಜೊತೆ ಮಾತಾಡಬಹುದಾ?

ಕೊನೆಯ ಆರು ತಿಂಗಳಿಗೆ ಬಂದ ಮೇಲೆ ಮುಂದಿನ ಕ್ಲಬ್ ಜೊತೆ ಸಹಿಯನ್ನೂ ಹಾಕಬಹುದು. ಅದಕ್ಕೂ ಮೊದಲಾದರೆ ಹೊಸ ಕ್ಲಬ್ ನಿಮ್ಮ ಈಗಿನ ಕ್ಲಬ್‌ಗೆ ಲಿಖಿತವಾಗಿ ತಿಳಿಸಿ ಮಾತಾಡಬೇಕು. ಒಪ್ಪಂದದ ಅವಧಿ ಗರಿಷ್ಠ ಐದು ವರ್ಷ, 18 ತುಂಬದವರಿಗೆ ಮೂರು. ಸಹಿ ಮಾಡಿಸಿಕೊಂಡ ಮೇಲೆ ವೈದ್ಯಕೀಯ ಪರೀಕ್ಷೆ ಪಾಸಾದರೆ ಮಾತ್ರ ಒಪ್ಪಂದ ಎನ್ನುವಂತಿಲ್ಲ, ಪರವಾನಗಿ ಸಿಕ್ಕರೆ ಮಾತ್ರ ಎಂದೂ ಹೇಳುವಂತಿಲ್ಲ. ಕ್ಲಬ್ ಅದನ್ನೆಲ್ಲ ಮೊದಲೇ ನೋಡಿಕೊಳ್ಳಬೇಕು.

ಸಂಬಳ ಎರಡು ತಿಂಗಳಿಂದ ಬಂದಿಲ್ಲ, ಬಿಟ್ಟುಬಿಡಲಾ?

ಎದ್ದು ಬಂದುಬಿಡಬೇಡಿ, ತಪ್ಪು ನಿಮ್ಮ ತಲೆಗೆ ಬರುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಿಡಿ. ಬಾಕಿ ಎಷ್ಟು, ಯಾವ ತಿಂಗಳದು ಎಂದು ಬರೆದು ಕ್ಲಬ್‌ಗೆ ಲಿಖಿತ ನೋಟಿಸ್ ಕೊಡಿ, ಕನಿಷ್ಠ 15 ದಿನ ಗಡುವು ಇರಲಿ. ಎರಡು ತಿಂಗಳ ಸಂಬಳ ಬಾಕಿ ಇದ್ದು ಗಡುವೂ ದಾಟಿದರೆ ಒಪ್ಪಂದ ಮುರಿಯಲು ಫಿಫಾ ನಿಯಮದ ಬೆಂಬಲವಿದೆ. ಇಲ್ಲಿನ ದೂರು ಹೋಗುವುದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಪ್ಲೇಯರ್ಸ್ ಸ್ಟೇಟಸ್ ಕಮಿಟಿಗೆ. ಆಟಗಾರರ ಸಂಘವನ್ನೂ ಸಂಪರ್ಕಿಸಿ. ಆ 15 ದಿನ ತಪ್ಪದೆ ಅಭ್ಯಾಸಕ್ಕೆ ಹೋಗಿ, ಹಾಜರಿಗೆ ಸಾಕ್ಷಿ ಇರಲಿ. ಗೈರುಹಾಜರಿ ತೋರಿಸಿ ಕ್ಲಬ್ ಗೆದ್ದುಬಿಡಬಹುದು.

ನಮ್ಮ ಹುಡುಗ ದೊಡ್ಡವನಾದ ಮೇಲೆ ಹೊರದೇಶಕ್ಕೆ ಹೋದರೆ ಇಲ್ಲಿನ ಚಿಕ್ಕ ಕ್ಲಬ್‌ಗೆ ಏನಾದರೂ ಸಿಗುತ್ತಾ?

ಸಿಗುತ್ತದೆ, ನೋಂದಣಿ ಸರಿಯಾಗಿದ್ದರೆ. ಒಂದು ದೇಶದಿಂದ ಇನ್ನೊಂದಕ್ಕೆ ಹಣ ಕೊಟ್ಟು ಟ್ರಾನ್ಸ್‌ಫರ್ ಆದಾಗ ಆ ಹಣದ ಶೇ. 5ನ್ನು ಅವನನ್ನು 12ರಿಂದ 23ರ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳು ಹಂಚಿಕೊಳ್ಳುತ್ತವೆ. 1 ಕೋಟಿಯ ಟ್ರಾನ್ಸ್‌ಫರ್ ಎಂದುಕೊಳ್ಳಿ. ಪಾಲು 5 ಲಕ್ಷ. 12ರಿಂದ 15ರವರೆಗಿನ ಪ್ರತಿ ವರ್ಷಕ್ಕೆ 25 ಸಾವಿರ, 16ರಿಂದ 23ರವರೆಗಿನ ಪ್ರತಿ ವರ್ಷಕ್ಕೆ 50 ಸಾವಿರ. ಹುಡುಗ 12ರಿಂದ 17ರವರೆಗೆ ಆರು ವರ್ಷವೂ ನಿಮ್ಮಲ್ಲೇ ಆಡಿದ್ದರೆ 2 ಲಕ್ಷ. ಒಪ್ಪಂದ ಮುಗಿದು ಹಣವಿಲ್ಲದೆ ಹೋದರೆ ಈ ಪಾಲಿಲ್ಲ.

ಹಣ ತಪ್ಪಿಹೋಗುವುದು ದಾಖಲೆಯ ಕಾರಣಕ್ಕೆ. ಹುಡುಗ ಐದು ವರ್ಷ ಆಡಿರುತ್ತಾನೆ, ಫೆಡರೇಷನ್ನಿನ ಸೆಂಟ್ರಲ್ ರಿಜಿಸ್ಟ್ರೇಷನ್ ಸಿಸ್ಟಮ್‌ನಲ್ಲಿ ಒಂದೇ ವರ್ಷ ಕಾಣುತ್ತದೆ. ಅಥವಾ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆಯಲ್ಲಿ ಹೆಸರಿನ ಕಾಗುಣಿತ ಮೂರು ಬಗೆ. ಪ್ರತಿ ಸೀಸನ್ ನೋಂದಣಿ ನವೀಕರಿಸಿ. ವಯಸ್ಸು ಕಡಿಮೆ ತೋರಿಸುವ ಆಸೆಗೆ ಬೀಳಲೇಬೇಡಿ. ಸಿಕ್ಕಿಬಿದ್ದರೆ ಹುಡುಗನ ಆಟವೇ ನಿಲ್ಲುತ್ತದೆ.

ಸ್ಟ್ರೈಕರ್ ಆಗಬೇಕಂದ್ರೆ ಬೆಂಗಳೂರು ಬಿಡಲೇಬೇಕಾ?

ಒಂದು ಕಾಲಕ್ಕೆ ಬೇರೆ ದಾರಿ ಇರಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಎಸ್. ರಾಮನ್ ನಮ್ಮ ಊರಿನವರು. ಅದೇ ತಂಡದಲ್ಲಿದ್ದ ಧನರಾಜ್, ಅಹ್ಮದ್ ಖಾನ್ ಇಬ್ಬರೂ ಕೋಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲ್‌ನ ಪಂಚ ಪಾಂಡವರು ಎಂದು ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಸೇರಿದರು. ಈಗ ಊರಲ್ಲೇ ಐಎಸ್‌ಎಲ್ ಕ್ಲಬ್ ಇದೆ, ಊರಿನದೇ ಲೀಗ್ ಸೂಪರ್ ಡಿವಿಷನ್ ಇದೆ. ಹೋಗುವುದೋ ಇರುವುದೋ ಎಂಬುದನ್ನು ನಿಮಿಷಗಳ ಮೇಲೆ ತೀರ್ಮಾನಿಸಿ. ಹೊಸ ಕ್ಲಬ್ ಕರೆದಾಗ ಸಂಬಳಕ್ಕಿಂತ ಮೊದಲು ಕೇಳಿ: ನಡುವಿನ ಜಾಗಕ್ಕೆ ಈಗ ಎಷ್ಟು ಜನ ಇದ್ದಾರೆ, ಅವರಲ್ಲಿ ವಿದೇಶಿಯರು ಎಷ್ಟು, ಕಳೆದ ಸೀಸನ್‌ನಲ್ಲಿ ಮೂರನೇ ಸ್ಟ್ರೈಕರ್ ಎಷ್ಟು ನಿಮಿಷ ಆಡಿದ. ಮೂರನೆಯವನಿಗೆ 200 ನಿಮಿಷವೂ ಸಿಕ್ಕಿಲ್ಲವೆಂದರೆ ಸೂಪರ್ ಡಿವಿಷನ್‌ನಲ್ಲಿ ಪೂರ್ತಿ ಸೀಸನ್ ಆಡುವುದೇ ಮೇಲು. ಲಿಸ್ಬನ್ನಿನ ಸ್ಪೋರ್ಟಿಂಗ್‌ನಿಂದ ಛೆಟ್ರಿ ವಾಪಸು ಬಂದದ್ದೂ ಇದೇ ಲೆಕ್ಕದಲ್ಲಿ.

ಮಗನಿಗೆ ಯುರೋಪಿನಲ್ಲಿ ಟ್ರಯಲ್ ಕೊಡಿಸ್ತೀನಿ ಅಂತ ಒಬ್ಬರು ಹಣ ಕೇಳ್ತಿದಾರೆ, ನಂಬಬಹುದಾ?

ಹಣ ಕೈಬದಲಾಗುವ ಮೊದಲು ಇಷ್ಟು ನೋಡಿ. ಮಗನಿಗೆ 18 ಆಗಿಲ್ಲವೆಂದರೆ ಹೊರದೇಶದ ಕ್ಲಬ್‌ಗೆ ನೋಂದಣಿ ಸಾಮಾನ್ಯವಾಗಿ ಸಾಧ್ಯವೇ ಇಲ್ಲ. ತಂದೆತಾಯಿ ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದಂಥ ಕೆಲವೇ ವಿನಾಯಿತಿಗಳಿವೆ. ಏಜೆಂಟ್ ಎಂದು ಹೇಳಿಕೊಂಡವರ ಹೆಸರನ್ನು ಫಿಫಾ ಪರವಾನಗಿ ಪಟ್ಟಿಯಲ್ಲಿ ಹುಡುಕಿ. ಆಹ್ವಾನ ಪತ್ರ ಬಂದಿದ್ದರೆ ಅದರಲ್ಲಿರುವ ಫೋನ್ ನಂಬರಿಗೆ ಕರೆ ಮಾಡಬೇಡಿ. ಕ್ಲಬ್‌ನ ಅಧಿಕೃತ ವೆಬ್‌ಸೈಟಿನಿಂದ ವಿಳಾಸ ತೆಗೆದು ನೀವೇ ಇಮೇಲ್ ಮಾಡಿ. ಅಂತರರಾಷ್ಟ್ರೀಯ ಟ್ರಾನ್ಸ್‌ಫರ್ ಸರ್ಟಿಫಿಕೇಟ್ ಕೈಗೆ ಕೊಡಿಸುತ್ತೇನೆ ಎಂದವರ ಜೊತೆ ಮಾತು ಅಲ್ಲಿಗೇ ನಿಲ್ಲಿಸಿ. ಅದು ಒಂದು ಫೆಡರೇಷನ್ನಿನಿಂದ ಇನ್ನೊಂದಕ್ಕೆ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಹೋಗುತ್ತದೆ, ಯಾರ ಜೇಬಿನಲ್ಲೂ ಇರುವುದಿಲ್ಲ. ಪ್ರವಾಸಿ ವೀಸಾದಲ್ಲಿ ಕಳಿಸುತ್ತೇವೆ, ಅಲ್ಲಿ ಹೋದ ಮೇಲೆ ಒಪ್ಪಂದ ಆಗುತ್ತದೆ ಎಂದರೆ ಪಾಸ್‌ಪೋರ್ಟ್ ಕೊಡಬೇಡಿ.